ಮಸ್ಕಿಯಲ್ಲಿ ಹತ್ತುವವಳ ಸೀಟು

ವೇಲು ಹಸಿರಾಗಿತ್ತು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಬಣ್ಣ ನೆನಪಿಲ್ಲ, ಸೀಟಿನ ಮೇಲೆ ಇರುತ್ತಿತ್ತು ಎಂಬುದಷ್ಟೇ ಖಾತ್ರಿ.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿ ಮುಟ್ಟುವಷ್ಟರಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನನ್ನ ಗೆಳತಿ ಲಿಂಗಸುಗೂರಿನಲ್ಲೇ ಹತ್ತಿ ಪಕ್ಕದ ಸೀಟಿಗೆ ತನ್ನ ವೇಲು ಹಾಸುತ್ತಿದ್ದಳು. ಯಾರು ಬೈದರೂ ಒಂದೇ ಉತ್ತರ: "ಮಸ್ಕ್ಯಾಗ ನಮ್ಮಾಕಿ ಹತ್ತತಾಳ್ರೀ." ಹಾಗೆ ಎರಡು ವರ್ಷ ಕಾಲೇಜಿಗೆ ಕೂತೇ ಹೋದೆ.

ಸಂಜೆಯ ಪಾಳಿ ನನ್ನದು. ಬಸ್ಸು ಸಿಂಧನೂರು ಸ್ಟ್ಯಾಂಡಿಗೆ ತಿರುಗುತ್ತಿದ್ದಂತೆ ಕಿಟಕಿಯಿಂದ ಕರ್ಚೀಫು ಒಗೆದು ಎರಡು ಸೀಟು ಹಿಡಿಯುತ್ತಿದ್ದೆ. ಎರಡನೆಯದರಲ್ಲಿ ನಮ್ಮೂರಿನ ಒಬ್ಬ ಹುಡುಗಿ ಬಂದು ಕೂತುಬಿಡುತ್ತಿದ್ದಳು. ಅವಳು ಮಾತಾಡಿಸಿದವರನ್ನು ಇಡೀ ಕ್ಲಾಸು ಮಾತಾಡಿಸುತ್ತಿತ್ತು. ಎಬ್ಬಿಸಲಿಲ್ಲ. ಒಂದೆರಡು ಸಲ ಹಾಗಾಯಿತು ಎಂದು ಹೇಳಿಕೊಳ್ಳುತ್ತೇನೆ. ಸುಳ್ಳು. ಬಹುತೇಕ ದಿನ. ಅಲ್ಲಿತನಕ ನಿಂತೇ ಬರುತ್ತಿದ್ದ ಗೆಳತಿಗೆ ಮಸ್ಕಿಯಲ್ಲಿ ನಾವಿಳಿದ ಮೇಲೆ ಸೀಟು ಸಿಗುತ್ತಿತ್ತು. ಅದನ್ನೂ ನನ್ನ ಉಪಕಾರವೆಂದೇ ತಿಳಿದಿದ್ದೆ.

ಪಿಎಚ್‌ಡಿ ಮಾಡುತ್ತಿದ್ದ ಮೇಡಂ ಒಬ್ಬರು ಒಂದು ದಿನ ಕ್ಲಾಸಿನಲ್ಲಿ ಪ್ರಶ್ನೆಗಳ ಹಾಳೆ ಹಂಚಿದರು. ಹೆಸರು ಬರೆಯಬಾರದು, ಒಂದರಿಂದ ಐದರೊಳಗಿನ ಅಂಕಿಗೆ ಸುತ್ತು ಹಾಕಬೇಕು; ಒಂದು ಅಂದರೆ ಇಲ್ಲವೇ ಇಲ್ಲ, ಐದು ಅಂದರೆ ಪೂರ್ತಿ ಹೌದು. ಕಷ್ಟಕ್ಕೆ ನನ್ನವರು ಅನ್ನುವವರಿದ್ದಾರೆ: ಐದು. ನನ್ನ ಬದುಕು ನನಗೆ ತೃಪ್ತಿ ಕೊಟ್ಟಿದೆ: ಐದು. ಗೆಳತಿಯ ಹಾಳೆಗೆ ಇಣುಕಿದೆ. ಎರಡಕ್ಕೂ ಒಂದು.

"ಹಂಗ್ಯಾಕ ಹಾಕಿದಿ? ನಾ ಇಲ್ಲೇನು?"

"ನೀ ಅದಿ ಬೇ. ಕುಂತಿರ್ತಿ."

ಆ ಸಂಜೆಯೂ ನಮ್ಮೂರ ಹುಡುಗಿ ಬಂದು ಕೂತಳು. ನಾನು ಬಾಯಿ ತೆರೆದೆ ಅನ್ನಿಸುತ್ತದೆ. ತೆರೆದಿರಲಿಕ್ಕಿಲ್ಲ.

ಮರುದಿನ ಮಸ್ಕಿಯಲ್ಲಿ ಹತ್ತಿದಾಗ ವೇಲು ಗೆಳತಿಯ ಹೆಗಲ ಮೇಲಿತ್ತು, ಪಕ್ಕದಲ್ಲಿ ತರಕಾರಿ ಬುಟ್ಟಿಯ ಮುದುಕಿ. ಗೆಳತಿ ಸಿಟ್ಟು ಮಾಡಲಿಲ್ಲ. ಕೈ ಚಾಚಿ ನನ್ನ ಬ್ಯಾಗು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು, ನಿಂತ ಯಾರಿಗಾದರೂ ಕೂತವರು ಮಾಡುವ ಹಾಗೆ. ಅಷ್ಟು ಸಂಜೆಗಳಲ್ಲಿ ಅವಳ ಬ್ಯಾಗನ್ನು ನಾನು ಒಮ್ಮೆಯಾದರೂ ಇಸಿದುಕೊಂಡಿದ್ದೆನೆ? ಹೌದೆಂದು ಬರೆಯಲು ಕೈ ಹೋಗುತ್ತದೆ. ಸಿಂಧನೂರಿನಲ್ಲಿ ಬ್ಯಾಗು ಮರಳಿಸಿ ಅವಳು ಮುಂದೆ ನಡೆದಳು. ವೇಲು ಮತ್ತೆ ಸೀಟಿಗೆ ಬೀಳಲಿಲ್ಲ.

ವರ್ಷದ ಕೊನೆಗೆ ಮೇಡಂ ಅದೇ ಹಾಳೆ ಇನ್ನೊಮ್ಮೆ ಕೊಟ್ಟರು. ಗೆಳತಿ ಆಗ ಹಿಂದಿನ ಬೆಂಚಿನಲ್ಲಿದ್ದಳು. ನಾನು ಎರಡಕ್ಕೂ ಐದೇ ಹಾಕಿದೆ. ಪಕ್ಕದಲ್ಲಿ ನಮ್ಮೂರ ಹುಡುಗಿ ನನ್ನ ಹಾಳೆಗೆ ಇಣುಕುತ್ತಿದ್ದಳು.