ಮುಚ್ಚಳಕ್ಕೊಂದು ಬೊಟ್ಟು

ನಮ್ಮ ಮನೆಯ ಹಳೆಯ ಜೀಪಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಮೆಕ್ಯಾನಿಕ್ಕನ ಮುಖ ಕಂಡ ಕೂಡಲೇ ಅದರ ಕಾಯಿಲೆ ವಾಸಿಯಾಗುತ್ತಿತ್ತು. ಇದಕ್ಕಾಗಿ ಅದನ್ನು ಪೂರ್ತಿ ದೂರುವಂತಿಲ್ಲ. ಮನೆಯಲ್ಲಿ ನನ್ನನ್ನು ಗೋಳಾಡಿಸುವ ದವಡೆ ಹಲ್ಲು ಕೂಡ ದಂತವೈದ್ಯರ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ತಣ್ಣಗಾಗುತ್ತದೆ. ಆದರೆ ಹಲ್ಲು ನನ್ನ ಜೊತೆಯಲ್ಲೇ ಮನೆಗೆ ಬರುತ್ತದೆ, ಜೀಪು ಬರುತ್ತಿರಲಿಲ್ಲ. ಒಂದಷ್ಟು ದೂರ ಸೊಗಸಾಗಿ ಓಡಿ, ಕೆಮ್ಮಿ, ರಸ್ತೆಯ ಪಕ್ಕ ನಿಂತುಬಿಡುತ್ತಿತ್ತು. ನಾನು ಕೆಳಗಿಳಿದು, ಬೈದು, ಸುಸ್ತಾಗಿ ಕೂತ ಮೇಲೆ ಕೀಲಿ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು.

ಕಟ್ಟೆಮಳಲವಾಡಿಯ ಹತ್ತಿರ ನಮ್ಮದು ಹೊಗೆಸೊಪ್ಪಿನ ಬೇಸಾಯ. ಸೊಪ್ಪನ್ನು ಹದ ಮಾಡುವ ಬ್ಯಾರನ್ನಿಗೆ ಸೌದೆ ಹೊರುವುದಕ್ಕೆಂದು ಅಪ್ಪ ತಂದ ಪೆಟ್ರೋಲ್ ಜೀಪು ಅದು. ಮಳೆಗಾಲದ ಕೆಸರಿನಲ್ಲಿ ಟ್ರ್ಯಾಕ್ಟರೇ ಹೂತುಕೊಂಡಾಗಲೂ ಅದು ಗೊಣಗುತ್ತಾ ದಾಟಿ ಬಂದದ್ದನ್ನು ನಾನು ನೋಡಿದ್ದೇನೆ. ಅದರ ಸೀಟಿನಲ್ಲಿ ಕೂತರೆ ನನಗೆ ಸುಮ್ಮನೆ ಖುಷಿಯಾಗುತ್ತದೆ. ಕಾರಣ ಕೇಳಿದರೆ ಹೇಳಲಾರೆ. ನನ್ನ ಹೆಂಡತಿ ಜಯಳಿಗೆ ಕಾರಣ ಬೇಕು. ಕೊಟ್ಟಿಗೆಯಲ್ಲಿ ಅದು ಹಿಡಿದಿರುವ ಜಾಗದಲ್ಲಿ ಎರಡು ಹಸು ಕಟ್ಟಬಹುದೆಂಬುದು ಅವಳ ಹಳೆಯ ತಕರಾರು. ಒಂದು ದಿನ ತೀರ್ಪನ್ನೇ ಕೊಟ್ಟಳು: "ಈ ಸಲ ಆಯುಧಪೂಜೆಗೆ ಅದು ಯಾರೂ ತಳ್ದೆ ತಾನಾಗೇ ಅಂಗಳಕ್ಕೆ ಬರ್ಬೇಕು. ಬರ್ನಿಲ್ಲ ಅಂದ್ರೆ ಗುಜರಿಯೋನ್ನ ಕರೆಸ್ತೀನಿ ಕಣ್ರೀ."

ಅಲ್ಲಿಂದ ಶುರುವಾಯಿತು ನನ್ನ ತೀರ್ಥಯಾತ್ರೆ. ಹುಣಸೂರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಬಹಳ ದಿನದ ಮೇಲೆ ಸಿಕ್ಕ ನೆಂಟನನ್ನು ನೋಡಿದಂತೆ ಕಾರ್ಬುರೇಟರನ್ನು ನೋಡಿ ನಕ್ಕ. ಪೆಟ್ರೋಲ್ ಪಂಪ್ ಬದಲಾಯಿಸಿದ. ಜೀಪು ಅವನ ಕಣ್ಣೆದುರು ಸರಾಗವಾಗಿ ಓಡಿ, ಅವನು ಕಣ್ಮರೆಯಾದ ಮೇಲೆ ಗಾವಡಗೆರೆಯ ದಾರಿಯಲ್ಲಿ ನಿಂತಿತು. ಕೆ.ಆರ್. ನಗರದವರು ಕಾರ್ಬುರೇಟರನ್ನು ಬಿಚ್ಚಿ ತೊಳೆದರು. ಪಿರಿಯಾಪಟ್ಟಣದವರು ಕಾಯಿಲ್ ಹೊಸದು ಹಾಕಿದರು. ಜೀಪು ಕಂಪಲಾಪುರದಲ್ಲಿ ನಿಂತಿತು. ಎಲ್ಲರೂ ಒಳ್ಳೆಯ ಕೆಲಸಗಾರರೇ. ಎಲ್ಲರೂ ಕೊನೆಗೆ ಹೇಳುತ್ತಿದ್ದದ್ದೂ ಒಂದೇ: "ಇದುಕ್ಕೆ ಸ್ಪೆಷಲಿಸ್ಟೇ ಬೇಕು ಬುಡಿ ಅಣ್ಣ."

ಈ ಸ್ಪೆಷಲಿಸ್ಟ್ ಎಂಬ ಪ್ರಾಣಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವನು ಯಾವಾಗಲೂ ಪಕ್ಕದ ತಾಲ್ಲೂಕಿನಲ್ಲಿರುತ್ತಾನೆ. ಮಂಡಿನೋವಿಗೆ ಎಣ್ಣೆ ಕೊಡುವವನಾಗಲಿ, ನಾಗದೋಷ ನೋಡುವವನಾಗಲಿ, ನಮ್ಮೂರಿನಲ್ಲೇ ಇದ್ದರೆ ಅವನು ಬರೀ ನಂಜಪ್ಪನ ಮಗ; ಬಸ್ಸು ಹತ್ತಿ ಹೋಗಬೇಕಾದರೆ ಮಾತ್ರ ಅವನ ಕೈಗುಣಕ್ಕೆ ಬೆಲೆ. ಈ ಲೆಕ್ಕದಲ್ಲಿ ಉಳಿದದ್ದು ಎಚ್.ಡಿ. ಕೋಟೆ. ಅಲ್ಲಿ ಅಕ್ಕನ ಮನೆಗೆ ಹೋಗಬೇಕಾಗಿದ್ದ ಜಯ, ಬಸ್ಸು ತಪ್ಪಿದ್ದರಿಂದ, ಜೀಪು ಹತ್ತಿದಳು. ದಾರಿಯಲ್ಲಿ ಮೂರು ಕಡೆ ನಿಂತು ಅಂತೂ ತಲುಪಿದೆವು.

ಕೋಟೆಯ ಮೆಕ್ಯಾನಿಕ್ ವಯಸ್ಸಾದವರು. ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಂಭೀರವಾಗಿ ಹೇಳಿದರು: "ಇದು ನಮ್ ಕೈಲಿ ಆಗಾಕಿಲ್ಲ. ಕಟ್ಟೆಮಳಲವಾಡಿ ಅತ್ರ ಒಬ್ರವ್ರಂತೆ. ಇಂಥದ್ದೇ ಜೀಪು ಮಡಿಕಂಡು ಊರೂರು ತಿರುಗ್ತರಂತೆ. ಒಂದೊಂದು ನಟ್ಟೂ ಗೊತ್ತಂತೆ ಅವ್ರಿಗೆ. ಅವ್ರನ್ನ ಇಡೀರಿ."

ಜಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಆ ಮಹಾನುಭಾವರಿಗೆ ವಂದಿಸಿ ಜೀಪು ಹತ್ತಿದೆ. ಇಡೀ ಜಿಲ್ಲೆಯಲ್ಲಿ ನನಗಿದ್ದ ಕೊನೆಯ ಆಸೆ ನಾನೇ ಎಂದು ತಿಳಿದಾಗ ಆಗುವ ದಿಗಿಲು ಬೇರೆಯವರಿಗೆ ಅರ್ಥವಾಗುವುದಿಲ್ಲ. ಗುಜರಿಯವನ ತಕ್ಕಡಿ ಕಣ್ಣ ಮುಂದೆ ತೂಗಿತು.

ಅಕ್ಕನ ಮನೆಗೂ ಹೋಗಿ ವಾಪಸ್ಸು ಬರುವಾಗ, ನಿರೀಕ್ಷಿಸಿದಂತೆ, ಹುರುಳಿ ಹೊಲವೊಂದರ ಪಕ್ಕ ಜೀಪು ನಿಂತಿತು. "ಪೆಟ್ರೋಲ್ ಆಕ್ಸಿದ್ದೀರೋ ಇಲ್ವೋ?" ಎಂದಳು ಜಯ. ನನಗೆ ರೇಗಿತು. ನೋಡು ಬಾ ಎಂದು ಇಳಿದು, ಟ್ಯಾಂಕಿನ ಮುಚ್ಚಳ ತಿರುಗಿಸಿದೆ. 'ಉಸ್' ಎಂದಿತು. ಬಹಳ ಹೊತ್ತು ಉಸಿರು ಕಟ್ಟಿದ್ದವರು ಗಾಳಿ ಎಳೆದುಕೊಂಡಂತೆ. ಮುಚ್ಚಿ, ಕೀಲಿ ತಿರುಗಿಸಿದೆ. ಜೀಪು ಗುಡುಗುಡು ಎಂದಿತು. ಮುಂದೆ ಮತ್ತೆ ನಿಂತಾಗ ಮತ್ತೆ ಮುಚ್ಚಳ ತೆಗೆದೆ. ಮತ್ತೆ ಉಸ್, ಮತ್ತೆ ಗುಡುಗುಡು.

ಪೆಟ್ರೋಲ್ ಹಾಕಿಸಿದಾಗಲೆಲ್ಲ ಅದು ಉತ್ಸಾಹದಿಂದ ಓಡುತ್ತಿದ್ದದ್ದು ಆಗ ನೆನಪಾಯಿತು. ಹೊಟ್ಟೆಬಾಕ ಜೀಪು ಎಂದುಕೊಂಡಿದ್ದೆ. ಪಾಪ, ಬಂಕಿನವನು ಮುಚ್ಚಳ ತೆಗೆದಾಗಲೇ ಅದಕ್ಕೆ ಉಸಿರಾಟ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋಗಬೇಕಾದರೆ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ತೂತಿರುತ್ತದೆ. ನಮ್ಮ ಮುಚ್ಚಳದಲ್ಲಿ ತೂತು ಇರಬೇಕಾದ ಕಡೆ ಕೆಂಪಗೆ, ಗಟ್ಟಿಯಾಗಿ, ಭಕ್ತಿ ತುಂಬಿಕೊಂಡಿತ್ತು.

ಪ್ರತಿ ಆಯುಧಪೂಜೆಗೂ ಜಯ ಗಾಲಿಗೆ, ಸ್ಟಿಯರಿಂಗಿಗೆ, ದೀಪಗಳಿಗೆ ಬೊಟ್ಟಿಟ್ಟು, ಕೊನೆಗೆ ಟ್ಯಾಂಕಿನ ಮುಚ್ಚಳಕ್ಕೆ ಗಂಧ ಕುಂಕುಮದ ದಪ್ಪ ಬೊಟ್ಟೊಂದನ್ನು ಒತ್ತಿ ಇಡುತ್ತಿದ್ದಳು. "ಉಣ್ಣೋ ಬಾಯಲ್ವಾ?" ಎಂಬುದು ಅವಳ ನ್ಯಾಯ. ಅವಳಿಗೂ ಮೊದಲು ನನ್ನ ಅವ್ವ ಹೀಗೆಯೇ ಇಡುತ್ತಿದ್ದಳು. ಮೇಲಿನದು ಅಳಿಸಿಹೋದರೂ ತೂತಿನೊಳಗಿನದು ವರ್ಷ ವರ್ಷವೂ ಒಂದರ ಮೇಲೊಂದು ಕೂತಿತ್ತು. ಜಯ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ತಾನು ಇಟ್ಟದ್ದನ್ನು ತಾನೇ ಕೆದಕಿ ತೆಗೆದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪಕ್ಕದ ಹೊಲದವನೊಬ್ಬ ದೂರದಿಂದ ನಮ್ಮನ್ನೇ ನೋಡುತ್ತಾ ನಿಂತಿದ್ದ.

ಅಲ್ಲಿಂದ ಮನೆಯವರೆಗೆ ಜೀಪು ಎಲ್ಲೂ ನಿಲ್ಲಲಿಲ್ಲ. ನಾನು ಬೇಕೆಂದೇ ಬಳಸುದಾರಿ ಹಿಡಿದೆ, ಜಯ ಬೇಕೆಂದೇ ಕೇಳಲಿಲ್ಲ. ಅಷ್ಟು ಸಂತೋಷವಾಗಿ ನಾವಿಬ್ಬರೂ ಎಲ್ಲಿಗಾದರೂ ಹೋಗಿ ಬಹಳ ಕಾಲವಾಗಿತ್ತು.

ಕೋಟೆಯ ಹಿರಿಯರ ಮಾತು ಮಾತ್ರ ಸುಳ್ಳಾಗಲಿಲ್ಲ. ಈಗ ಹಳೆಯ ಜೀಪಿನವರು ನಮ್ಮ ಮನೆಯನ್ನು ಕೇಳಿಕೊಂಡು ಬರುತ್ತಾರೆ. ನಾನು ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಆಲಿಸುತ್ತೇನೆ. ನನಗೆ ಗೊತ್ತಿರುವುದು ಒಂದೇ ಕಾಯಿಲೆಯಾದರೂ ಅಷ್ಟಾದರೂ ಮಾಡದಿದ್ದರೆ ಸ್ಪೆಷಲಿಸ್ಟ್ ಎಂದು ಯಾರು ನಂಬುತ್ತಾರೆ? ಅಷ್ಟರಲ್ಲಿ ಜಯ ಒಳಗಿನಿಂದಲೇ ಕೂಗುತ್ತಾಳೆ: "ಮೊದ್ಲು ಮುಚ್ಚಳ ನೋಡ್ರೀ!"

ಆಯುಧಪೂಜೆಯ ದಿನ ಜೀಪು ತಾನಾಗಿಯೇ ಅಂಗಳಕ್ಕೆ ಬಂದು ನಿಂತಿತು. ಜಯ ತಟ್ಟೆ ಹಿಡಿದು ಗಾಲಿಗೆ, ಸ್ಟಿಯರಿಂಗಿಗೆ, ದೀಪಗಳಿಗೆ ಬೊಟ್ಟಿಟ್ಟಳು. ಮುಚ್ಚಳದ ಹತ್ತಿರ ಬಂದವಳ ಬೆರಳು ಅರ್ಧದಲ್ಲೇ ನಿಂತಿತು. ಬೆರಳಿನ ತುಂಬ ಕುಂಕುಮ, ಎಲ್ಲಿಯಾದರೂ ಇಡಲೇಬೇಕು. ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ನನ್ನ ಹಣೆಗೆ ಅದನ್ನು ಒತ್ತಿ ಇಟ್ಟು, ಹೇಳಿದಳು:

"ಇಲ್ಲೇನೂ ಗಾಳಿ ಆಡೋ ತೂತಿಲ್ಲ. ಎಷ್ಟು ದಪ್ಪ ಇಟ್ರೂ ಓಡ್ತದೆ."