ತಬ್ಬಿಬ್ಬಾಗಲು ಎದುರಿಗೆ ಒಬ್ಬರು ಬೇಕು

ಆಗ ನನಗೆ ಮೂವತ್ತೈದು. ನಲವತ್ತು ವರ್ಷದ ಹಿಂದಿನ ಮಾತು. ತಮಿಳುನಾಡಿನ ಹೊಸೂರು ಪಕ್ಕದ ಮೂಕಂಡಪಲ್ಲಿಯಲ್ಲಿ ಒಂದು ಶೀಟಿನ ಮನೆಯಲ್ಲಿ ಒಬ್ಬಳೇ ಇದ್ದೆ. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಬಾವಿ ತೋಡುವ ಕೆಲಸಕ್ಕೆಂದು ಕೋಲಾರದ ಕಡೆ ಹೋದ ಗಂಡ ಆರು ವರ್ಷವಾದರೂ ಬಂದಿರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಬದುಕಿರುವ ಸುದ್ದಿಯೂ ಇಲ್ಲ. ಮೊದಮೊದಲು ಹುಡುಕಿಸಿದೆ. ಆಮೇಲೆ ಬಿಟ್ಟೆ.

ರೇಷನ್ ಕಾರ್ಡು ಬೇರಿಕೆ ಹತ್ತಿರದ ಅತ್ತೆ ಮನೆಯಲ್ಲಿತ್ತು, ಅವನ ಹೆಸರಿನಲ್ಲಿ. ಅವರು ಕೊಡಲಿಲ್ಲ. ನನ್ನದೇ ಕಾರ್ಡು ಆಗದಿದ್ದರೆ ಅಕ್ಕಿಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ತಿರುಗಿ ಅತ್ತೆಯ ಮನೆಗೇ ಹೋಗಿ ಬೀಳಬೇಕು. ಅದು ಮಾತ್ರ ನನಗೆ ಬೇಡವಾಗಿತ್ತು.

ಪಕ್ಕದ ಮನೆಯವಳು ದಾರಿ ಹೇಳಿಕೊಟ್ಟಳು. "ಗಂಡ ಸತ್ತೋದ ಅಂತ ಹೇಳ್ಬುಡಕ್ಕಾ. ಇಲ್ಲಾಂದ್ರೆ ಅವನ್ನೇ ಕರ್ಕೊಂಡ್ ಬಾ ಅಂತಾರೆ. ಎಲ್ಲಿಂದ ತತ್ತೀಯಾ?"

ಕಾರ್ಡು ಮಾಡಿಕೊಡುವ ಕಚೇರಿಗೆ ಹೊರಟು, ಬಸ್ಸಿನಲ್ಲಿ ಕುಳಿತು ಅದನ್ನೇ ಬಾಯಿಪಾಠ ಮಾಡಿದೆ, ತಮಿಳಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ಕಚೇರಿಯ ಗುಮಾಸ್ತ ನಮ್ಮ ಕಡೆಯವನೇ, ಕನ್ನಡ ಬರುತ್ತಿತ್ತು.

"ನಿಮ್ ಯಜಮಾನ್ರು ಎಲ್ಲವ್ರೆ?"

"ಇಲ್ಲ ಸಾರ್. ತೀರ್ಕೊಂಡ್ರು."

ಬರೆಯಲು ಬಗ್ಗಿದವನು ತಲೆ ಎತ್ತಿದ. "ತೀರ್ಕೊಂಡ್ರಾ? ಹಣೆ ಮ್ಯಾಲೆ ಕಾಸಗಲ ಕುಂಕುಮ ಇಟ್ಕೊಂಡ್ ಬಂದಿದ್ದೀಯಲ್ಲಮ್ಮ! ಯಾವಾಗ ತೀರ್ಕೊಂಡ್ರು, ಈಗ ಬಸ್ಸಿಳಿಯೋವಾಗ್ಲಾ?"

ಸಾಲಿನಲ್ಲಿದ್ದವರು ನಕ್ಕರು. ನನ್ನ ಹಿಂದಿದ್ದ ಮುದುಕ, "ಅವನ್ಗೆ ಮುದ್ದೆ ಇಕ್ಕಿ ಬಂದವ್ಳೆ, ಬುಡಿ ಸಾರ್" ಎಂದ.

ಬೆಳಿಗ್ಗೆ ಮುಖ ತೊಳೆದ ಕೈ ತಾನಾಗಿಯೇ ಕುಂಕುಮ ಇಟ್ಟುಬಿಟ್ಟಿತ್ತು. ಸುಳ್ಳು ಹೇಳಲು ಹೊರಟವಳು ಹಣೆ ನೋಡಿಕೊಂಡಿರಲಿಲ್ಲ. ತಬ್ಬಿಬ್ಬಾದೆ. "ಇಲ್ಲ... ಅವ್ರೆ... ಇಲ್ಲ ಸಾರ್" ಎಂದೆ.

"ಯೋಚ್ನೆ ಮಾಡ್ಕೊಂಡ್ ಬಾರಮ್ಮ" ಎಂದು ಕಾಗದ ಪಕ್ಕಕ್ಕೆ ತಳ್ಳಿದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕನ್ನಡಿಯ ಮುಂದೆ ನಿಂತು ನನ್ನನ್ನೇ ಕೇಳಿದೆ: ಇದಾನಾ, ಇಲ್ವಾ? ಗೊತ್ತಿಲ್ಲ. ಗೊತ್ತಿಲ್ಲದೆಯೇ ಆರು ವರ್ಷ ಕಳೆದಿದ್ದೆ, ಒಂದು ದಿನವೂ ತಬ್ಬಿಬ್ಬಾಗಿರಲಿಲ್ಲ. ಏನೂ ತಿಳಿಯದಿರುವುದೇ ತಬ್ಬಿಬ್ಬು ಎಂದುಕೊಂಡಿದ್ದೆ, ಅಲ್ಲ. ಜವಳಗಿರಿ ಕಾಡಿನಲ್ಲಿ ದಾರಿ ತಪ್ಪಿ ಒಬ್ಬಳೇ ನಿಂತರೆ ಆನೆಯ ಭಯವಾಗುತ್ತದೆ, ಅಳು ಬರುತ್ತದೆ, ತಬ್ಬಿಬ್ಬು ಮಾತ್ರ ಆಗುವುದಿಲ್ಲ. ಅದಕ್ಕೆ ಎದುರಿಗೆ ಒಬ್ಬರು ಬೇಕು. ಅವರು ನಮ್ಮ ಮುಖ ನೋಡಬೇಕು, ಕೇಳಬೇಕು, ಉತ್ತರಕ್ಕೆ ಕಾಯಬೇಕು. ಆರು ವರ್ಷದಲ್ಲಿ ನನ್ನ ಹಣೆ ನೋಡಿದವನು ಆ ಗುಮಾಸ್ತ ಒಬ್ಬನೇ.

ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿ ನೋಡಿದೆ. ಸುಳ್ಳು ಹೇಳಲು ಒಳ್ಳೆಯ ಮುಖ. ನನ್ನದು ಅನ್ನಿಸಲಿಲ್ಲ. ಉಂಡು ಮಲಗಿದೆ.

ಮಾರನೆಯ ಬೆಳಿಗ್ಗೆ ದಿನದ ಹಾಗೇ ಕುಂಕುಮ ಇಟ್ಟುಕೊಂಡೆ, ಈ ಸಲ ಕನ್ನಡಿ ನೋಡಿಕೊಂಡು. ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಸಾಲಿನಲ್ಲಿ ಮೊದಲು ನಿಂತೆ. ಗುಮಾಸ್ತ ಬಾಯಿ ಬಿಡುವ ಮೊದಲೇ ಹೇಳಿದೆ: "ಅವ್ನು ಇದಾನೋ ಸತ್ತನೋ ನಂಗೊತ್ತಿಲ್ಲ ಸಾರ್. ಆರು ವರ್ಷ ಆಯ್ತು. ಮನೇಲಿ ಉಣ್ಣೋಳು ನಾನೊಬ್ಳೇ. ಅದು ನಿಜ, ಅದನ್ನ ಬರ್ಕೊಳ್ಳಿ."

ಅವನು ಹಣೆ ನೋಡಿದ. ನಾನು ಕದಲಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂಬ ಕಡೆ ಒಂದು ಎಂದು ಬರೆದು ಕಾಗದ ನನ್ನತ್ತ ತಿರುಗಿಸಿದ. ನನಗೆ ಬರುತ್ತಿದ್ದ ನಾಲ್ಕು ಅಕ್ಷರ, ನನ್ನ ಹೆಸರು, ಅದರ ಕೆಳಗೆ ಬರೆದುಕೊಟ್ಟೆ.