ಮೂರು ಸಾವಿರದ ಒಂದು ಬತ್ತಿ

ಆಗ ನನಗೆ ಅರವತ್ತೊಂದು. ಹದಿನೆಂಟು ವರ್ಷದ ಹಿಂದಿನ ಮಾತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುವ ಕೂಲಿಗೆ ಹೋಗುತ್ತಿದ್ದೆ. ಓದಿದ್ದು ಎರಡನೆಯ ಇಯತ್ತೆ, ಮಗ್ಗಿ ಮಾತ್ರ ಬಾಯಿಪಾಠ.

ನಮ್ಮ ಓಣಿಯ ಅಂಗಡಿಯವರ ಹೆಂಡತಿ ಕದರಮಂಡಲಗಿ ಹನುಮಪ್ಪನಿಗೆ ಬತ್ತಿಯ ಹರಕೆ ಹೊರುತ್ತಿದ್ದಳು. ಅರಳೆ ಅವಳದು, ಹೊಸೆಯುವವರು ಓಣಿಯ ಹೆಂಗಸರು. ಹರಕೆ ಹೊತ್ತವಳು ಬತ್ತಿಗೆ ಕೈ ಹಚ್ಚಬಾರದು. ಹೊಸೆಯುವವರಲ್ಲಿ ಯಾರಿಗೂ ಒಂದು ಹೆಚ್ಚು, ಒಂದು ಕಡಿಮೆ ಆಗಬಾರದು, ಪುಣ್ಯ ಸಮ ಬರಬೇಕು. ಅದು ಅವರ ಮನೆಯ ರೂಢಿ. ಹಂಚುವ ಹಿರಿತನ ನನ್ನದು. ಹಿಂದಿನ ವರ್ಷ ಸಾವಿರದ ಒಂದು ಬತ್ತಿ. ಏಳು ಮಂದಿ ಕುಳಿತೆವು, ತಲೆಗೆ ನೂರಾ ನಲವತ್ತಮೂರು, ಒಂದೂ ಉಳಿಯಲಿಲ್ಲ. ನಾನು ಬೀಗಿದ್ದೆ.

ಈ ಸಲ ಮೂರು ಸಾವಿರದ ಒಂದು ಎಂದಳು.

"ಸಮ ಹಂಚಾಕ ಬರತೈತೇನ, ದೊಡ್ಡವ್ವಾ?"

"ಬರಲಾರದ ಏನ್ರಿ? ಹ್ವಾದ ವರ್ಷ ಬಂದಿಲ್ಲೇನು?"

ಎಲ್ಲರ ಎದುರು ಮಾತು ಕೊಟ್ಟೆ. ಲೆಕ್ಕ ಹಾಕಿ ಕೊಟ್ಟದ್ದಲ್ಲ.

ಮನೆಗೆ ಬಂದು ಗಟ್ಟಿಯಾಗಿ ಮಗ್ಗಿ ಹೇಳುತ್ತ ಏಳು ಮಂದಿಗೆ ಹಂಚಿ ನೋಡಿದೆ, ಐದು ಉಳಿದವು. ಹನ್ನೊಂದು ಮಂದಿಗೆ ಒಂಬತ್ತು ಉಳಿದವು. ಹದಿಮೂರಕ್ಕೆ ಹನ್ನೊಂದು. ಎದುರುಮನೆಯವಳು ಕಟ್ಟೆಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದಳು.

"ರಾಣೆಬೆನ್ನೂರಿಂದ ಒಂದ್ ಟೆಂಪೋ ಮಂದಿ ತರಸಬೇ. ಇಲ್ಲಂದ್ರ ಬಿಡು, ಮುಂದ ಹಂಚೂದು ನಾ ನೋಡ್ಕೋತೇನಿ."

ಚುಚ್ಚಿದ್ದು ಅದೇ.

ಒಂಬತ್ತನೆಯ ಇಯತ್ತೆಯ ಮೊಮ್ಮಗಳು ನೋಟ್‌ಬುಕ್ ಹಿಡಿದು ಕುಳಿತಳು. ಸಂಜೆಯವರೆಗೆ ಭಾಗಿಸಿದಳು.

"ಆಯಿ, ಇದು ಯಾರಿಗೂ ಬಗ್ಗೂದಿಲ್ಲ. ಅವಿಭಾಜ್ಯ ಸಂಖ್ಯೆ."

"ಎಲ್ಲೀತನಕ ನೋಡೀದಿ?"

"ಐವತ್ನಾಕರ ತನಕ."

"ನೂರು ಮಂದಿ ಕುಂತ್ರ?"

"ಐವತ್ತೈದು ಐವತ್ತೈದ್ಲೆ ಮೂರು ಸಾವಿರದ ಒಂದು ದಾಟಿ ಹೊಕ್ಕೈತಿ. ಮಂದಿ ಐವತ್ನಾಕಕ್ಕಿಂತ ಹೆಚ್ಚಾದ್ರ ತಲೀಗೆ ಬತ್ತಿ ಐವತ್ತೈದಕ್ಕಿಂತ ಕಡಿಮಿ. ಆ ಸಣ್ಣವನ್ನೆಲ್ಲಾ ನೋಡಿ ಮುಗಿಸೇನಲ್ಲ!"

ಅಂಗಳದಲ್ಲಿ ಮೆಣಸಿನಕಾಯಿ ಸಾಲಾಗಿ ಹಚ್ಚಿದರೂ ಹಾಗೆಯೇ. ಸಾಲು ಉದ್ದವಾದರೆ ಸಾಲುಗಳು ಕಡಿಮೆ. ಅಡ್ಡ ಎಣಿಸಿದ್ದನ್ನು ಮತ್ತೆ ಉದ್ದ ಎಣಿಸಬೇಕಿಲ್ಲ. ನನಗೆ ತಿಳಿಯಿತು.

"ಹಂಗಾರ ದಾರೀನ ಇಲ್ಲೇನು?"

"ಎರಡ ಅದಾವ. ಮೂರು ಸಾವಿರದ ಒಂದು ಮಂದಿ ಒಂದೊಂದು ಹೊಸೀಬೇಕು. ಇಲ್ಲಾ ಒಬ್ಬಾಕೀನ ಎಲ್ಲಾ ಹೊಸೀಬೇಕು."

ಒಬ್ಬಳೇ ಇದ್ದರೆ ಹೆಚ್ಚು ಕಡಿಮೆ ಎಂಬುದಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯವರ ಮನೆಗೆ ಹೋದೆ. ಎದುರುಮನೆಯವಳೂ ಅಲ್ಲಿದ್ದಳು. ಲೆಕ್ಕ ನೋಡದೆ ಮಾತು ಕೊಟ್ಟೆ, ಇದು ಹಂಚುವ ಸಂಖ್ಯೆಯಲ್ಲ ಎಂದೆ. ಅರಳೆಯ ಗಂಟನ್ನು ಮನೆಗೆ ಹೊತ್ತು ತಂದು, ಒಬ್ಬಳೇ ಕುಳಿತು, ಮೊಣಕಾಲಿಗೆ ಬೂದಿ ಹಚ್ಚಿಕೊಂಡು, ಮೊದಲನೆಯ ಬತ್ತಿ ಹೊಸೆದೆ.